ಟ್ಯಾಂಕಿನ ಜಾಗದ ಬಸವಣ್ಣ

ಹಗರಿಬೊಮ್ಮನಹಳ್ಳಿಯಲ್ಲಿ ನಾವಿದ್ದ ಬಡಾವಣೆಗೂ ಪಕ್ಕದ ಹಳೇ ಕಾಲೊನಿಗೂ ನಡುವೆ ಇದ್ದದ್ದು ಒಂದು ಚರಂಡಿ ಮಾತ್ರ. ಅಣೆಕಟ್ಟೆಯ ಹಿನ್ನೀರಿನಲ್ಲಿ ಊರು ಮುಳುಗಿಸಿಕೊಂಡು ಬಂದವರಿಗೆ ಸರ್ಕಾರ ಕೊಟ್ಟ ಜಾಗ ಅವರದು. ನಮ್ಮದು ತೊಂಬತ್ತರ ದಶಕದಲ್ಲಿ ಯಾರೋ ಜೋಳದ ಹೊಲಕ್ಕೆ ಸುಣ್ಣದ ಗೆರೆ ಎಳೆದು ಲೇಔಟ್ ಎಂದು ಕರೆದದ್ದು. ನಕ್ಷೆಯಲ್ಲಿ ನಮಗೆ ಉದ್ಯಾನವಿತ್ತು, ಶಾಲೆಯಿತ್ತು, ನೀರಿನ ಟ್ಯಾಂಕಿಗೆಂದು ಬಿಟ್ಟ ಮೂಲೆ ಜಾಗವೂ ಇತ್ತು. ನೆಲದ ಮೇಲೆ ಜಾಲಿ ಗಿಡಗಳಿದ್ದವು. ಹಿಟ್ಟಿನ ಗಿರಣಿ, ಪಡಿತರ ಅಂಗಡಿ, ಸೂಜಿ ಚುಚ್ಚುವ ಕಾಂಪೌಂಡರು, ಕೊಟ್ಟೂರು ಬಸ್ಸು ನಿಲ್ಲುವ ಕಟ್ಟೆ ಎಲ್ಲವೂ ಚರಂಡಿಯಾಚೆ. ಆದರೂ ನಮ್ಮದು ನೌಕರರ ಬಡಾವಣೆ ಎಂದು ಬೀಗುತ್ತಿದ್ದೆವು. ಬೀಗುವುದಕ್ಕೆ ನೀರು ಬೇಕಾಗುವುದಿಲ್ಲವಲ್ಲ.

ನೀರಿಗೂ ಕಾಲೊನಿಯ ಬೀದಿ ನಳಕ್ಕೇ ಹೋಗಬೇಕಿತ್ತು. ತಮ್ಮ ಹುಟ್ಟಿದ ಮೇಲೆ ಅವ್ವನ ಸೊಂಟ ನೆಟ್ಟಗಿರಲಿಲ್ಲ. ಚರಂಡಿಯ ಚಪ್ಪಡಿ ದಾಟುವಾಗ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಅವಳಿಗೆ ಬೇರೆ ಯಾವ ಆಸೆಯೂ ಇರಲಿಲ್ಲ, ಬಾಗಿಲ ಮುಂದೆ ಒಂದು ನಳ ಬರಬೇಕು, ಅಷ್ಟೆ. ಮೆಕ್ಯಾನಿಕ್ ಸಾಬರ ಮನೆಯ ಮುದುಕಿ ಅವ್ವನಿಗೆ ಪಾಳಿ ಬಿಟ್ಟುಕೊಟ್ಟು, ನಮ್ಮೂರನ್ನು ನೀರೇ ನುಂಗಿತು, ನಿಮಗೆ ನೋಡಿದರೆ ಕುಡಿಯಲಿಕ್ಕೂ ಸಿಗದು ಎಂದು ನಗುತ್ತಿದ್ದಳು. ಅವ್ವನೂ ನಗುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ಟ್ಯಾಂಕಿನ ಜಾಗದ ಮೇಲೆ ಕಣ್ಣು ಹಾಕಿದವರಿಗೇನೂ ಬರವಿರಲಿಲ್ಲ. ಒಬ್ಬ ಅಲ್ಲಿ ತಿಪ್ಪೆ ಹಾಕಿದ, ಇನ್ನೊಬ್ಬ ಕಲ್ಲುಕಂಬ ನೆಟ್ಟ. ನಮ್ಮ ಕಡೆ ಇಂಥದ್ದಕ್ಕೆ ಒಂದೇ ಮದ್ದು, ದೇವರನ್ನು ಕೂರಿಸುವುದು. ಅಪ್ಪ ಹೊಲದ ಬದುವಿನಲ್ಲಿ ಬಿದ್ದಿದ್ದ ಕಲ್ಲೊಂದನ್ನು ಉರುಳಿಸಿ ತಂದು ನಿಲ್ಲಿಸಿ, ವಿಭೂತಿ ಬಳಿದು, ಬಸವಣ್ಣ ಎಂದರು. ಮನೆಗೆ ಬಂದು ಚಹಾ ಕುಡಿಯುತ್ತ, ಸಂಬಳವಿಲ್ಲದ ಕಾವಲುಗಾರನನ್ನು ಇಟ್ಟು ಬಂದೆ ಎಂದು ನಕ್ಕರು. ಕೆಲವೇ ದಿನಗಳಲ್ಲಿ ತಿಪ್ಪೆಯವನು ತಿಪ್ಪೆ ಎತ್ತಿದ, ಹೋಗುವಾಗ ಕೈಮುಗಿದೂ ಹೋದ. ಕಂಬದವನೂ ಕಂಬ ಕಿತ್ತುಕೊಂಡ.

ಅದು ಬದುವಿನ ಕಲ್ಲೆಂದು ಅವ್ವನಿಗೂ ಗೊತ್ತಿತ್ತು. ಆದರೂ ಕೂರಿಸಿದ ದೇವರನ್ನು ಒಣಗಿಸಬಾರದೆಂದು ದಿನಾ ಮೊದಲ ಕೊಡವನ್ನು ಅದಕ್ಕೆ ಸುರಿದು, ಮನೆಗೆ ಮತ್ತೆ ತರಲು ಹೋಗುತ್ತಿದ್ದಳು. ತಮ್ಮನ ಜ್ವರ ಇಳಿದದ್ದು ಅದರಿಂದಲೇ, ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದೂ ಅದರಿಂದಲೇ. ನಾನು ಓದಿದ್ದು ಲೆಕ್ಕಕ್ಕೇ ಇಲ್ಲ.

ಕೆಲವು ವರ್ಷಗಳ ಮೇಲೆ ಟ್ಯಾಂಕು ಮಂಜೂರಾಯಿತು. ಎಂಜಿನಿಯರು ಬಂದು ಜಾಗ ಅಳೆದು, ಕಲ್ಲನ್ನು ರಸ್ತೆ ಬದಿಗೆ ಸರಿಸಿಕೊಟ್ಟರೆ ಕೆಲಸ ಶುರು ಎಂದರು. ಬಡಾವಣೆಯ ಗಂಡಸರೆಲ್ಲ ಸೇರಿದರು, ಮುಟ್ಟಲು ಒಬ್ಬರಿಗೂ ಧೈರ್ಯವಾಗಲಿಲ್ಲ. ತಂದವರೇ ಎತ್ತಲಿ ಎಂದು ಕೊನೆಗೆ ಅಪ್ಪನ ಕಡೆ ತಿರುಗಿದರು. ಅಪ್ಪ ಲುಂಗಿ ಎತ್ತಿ ಕಟ್ಟಿ ಹಾರೆ ಹಿಡಿದರು. ನನಗೆ ಎಷ್ಟು ಖುಷಿಯಾಯಿತೆಂದರೆ, ನಳವನ್ನು ಬಾಗಿಲ ಯಾವ ಬದಿಗೆ ಹಾಕಿಸಬೇಕೆಂದು ಆಗಲೇ ಯೋಚಿಸತೊಡಗಿದ್ದೆ. ಅಷ್ಟರಲ್ಲಿ ಅವ್ವ ಬಂದು ಕಲ್ಲಿಗೆ ಅಡ್ಡ ನಿಂತಳು.

"ಎತ್ತಬ್ಯಾಡ್ರಿ. ನಾನು ಇದಕ್ಕ ನೀರು ಹಾಕೀನಿ."

"ಬದುವಿನ ಕಲ್ಲೈತಿ ಅದು. ನಿನಗೂ ಗೊತ್ತೈತಿ" ಎಂದರು ಅಪ್ಪ.

"ನೀವು ತಂದಾಗ ಕಲ್ಲಿತ್ರಿ."

ಅಪ್ಪ ಹಾರೆ ಕೆಳಗಿಟ್ಟರು. ಸುತ್ತ ನಿಂತವರೆಲ್ಲ ನಿರಾಳವಾಗಿ ಉಸಿರು ಬಿಟ್ಟದ್ದು ಕಂಡು ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಟ್ಯಾಂಕು ಚರಂಡಿಯಾಚೆ ಎದ್ದಿತು. ಕಾಲೊನಿಯಲ್ಲಿ ಮನೆಮನೆಗೆ ನಳ ಬಂತು. ನಮ್ಮ ಕಡೆಗೂ ಪೈಪು ಹಾಕುತ್ತೇವೆಂದು ನೆಲ ಅಗೆದು ಹೋದರು, ಅಗೆದಲ್ಲಿ ಮತ್ತೆ ಜಾಲಿ ಬೆಳೆಯಿತು. ಬೀದಿ ನಳ ಮುಚ್ಚಿದ್ದರಿಂದ ಇನ್ನು ಸಾಬರ ಮನೆಯ ಅಂಗಳಕ್ಕೇ ಕೊಡ ಹಿಡಿದು ಹೋಗಬೇಕಾಯಿತು. ಮುದುಕಿ ಆಗ ನಗುವುದನ್ನು ಬಿಟ್ಟಿದ್ದಳು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ಅವ್ವ ಕೊಡದ ಸಮೇತ ಚಪ್ಪಡಿಯ ಮೇಲೆ ಕುಸಿದಳು. ಹೊಸಪೇಟೆಯ ಡಾಕ್ಟರು ಇನ್ನು ತುಂಬಿದ ಚೊಂಬನ್ನೂ ಎತ್ತಕೂಡದೆಂದರು. ಕೊಡ ನನ್ನ ಸೊಂಟಕ್ಕೆ ಬಂತು. ಮೊದಲ ಕೊಡವನ್ನು ನಾನೂ ಕಲ್ಲಿಗೇ ಸುರಿದೆ. ಭಕ್ತಿಯಿಂದಲ್ಲ, ಅವ್ವ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು.

ಹಡಗಲಿಯ ಕಡೆ ನನ್ನ ಮದುವೆ ಗೊತ್ತಾದ ದಿನ, ಬಂದವರು ಹೋದ ಮೇಲೆ, ಅವ್ವ ಕೈ ಹಿಡಿದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಚೆನ್ನಾಗಿರು ಎನ್ನುತ್ತಾಳೆ ಅಂದುಕೊಂಡೆ.

"ನೀ ಹೋದ ಮ್ಯಾಲೆ ಅದಕ್ಕ ನೀರು ಯಾರು ಹಾಕ್ತಾರ?" ಎಂದಳು.

ಮನೆಗೆ ಯಾರು ತರುತ್ತಾರೆಂದು ಅವಳು ಕೇಳಲಿಲ್ಲ.