ಬೆರಳು ಬಿಸಿ ಮಾಡುತ್ತಿದ್ದ ಸೆಕ್ರೆಟರಿ

ಅವರು ನಮ್ಮ ಡೊಂಬಿವ್ಲಿಯ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ, ಉಡುಪಿ ಕಡೆಯವರು. ಮೊದಲು ಆ ಕುರ್ಚಿ ವಿಜಯಪುರದವನಾದ ನನ್ನದಾಗಿತ್ತು. ಚುನಾವಣೆಯಲ್ಲಿ ಸೋತ ಮೇಲೆ ಅವರ ನಗುವೂ ನನಗೆ ಚುಚ್ಚುತ್ತಿತ್ತು.

ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಆಕ್ಸಿಜನ್ ನೋಡಬೇಕೆಂದು ಸರ್ಕಾರ ಹೇಳಿತು. ಪಕ್ಕದ ಬಿಲ್ಡಿಂಗಿನವರು ಗೇಟಿಗೆ ನೋಟಿಸು ಅಂಟಿಸಿ ಸುಮ್ಮನಾದರು. ಇವರು ದಿನವೂ ಬಾಗಿಲು ತಟ್ಟಿದರು. ವಯಸ್ಸಾದವರನ್ನು ಪ್ಯಾಸೇಜಿನಲ್ಲಿ ಆರು ನಿಮಿಷ ನಡೆಸಿ, ಬೆರಳು ತಣ್ಣಗಿದ್ದರೆ ಅಂಕಿ ತಪ್ಪು ಬರುತ್ತದೆಂದು ಅದನ್ನು ಗ್ಲೌಸಿನ ಕೈಯಲ್ಲೇ ಉಜ್ಜಿ ಬಿಸಿ ಮಾಡಿ, ಆಕ್ಸಿಮೀಟರ್ ಸಿಕ್ಕಿಸುತ್ತಿದ್ದರು.

"ಒಮ್ಮೆ ನಡೀರಿ ಮಾರಾಯ್ರೆ, ಕೂತಲ್ಲಿ ಗೊತ್ತಾಗುದಿಲ್ಲ," ಎನ್ನುವುದು ಅವರ ನಿತ್ಯದ ಮಾತು.

ಅವರು ಬರುವ ಮೊದಲೇ ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು ನಿಲ್ಲುತ್ತಿದ್ದಳು. ನಾನು ಒಳಗೆ ಟಿವಿ ಜೋರು ಮಾಡುತ್ತಿದ್ದೆ.

ಒಂದು ದಿನ ಆರಾಮಾಗಿಯೇ ಇದ್ದ ಅವಳ ಆಕ್ಸಿಜನ್ ನಡೆದ ಮೇಲೆ ಇಳಿದುಬಿಟ್ಟಿತು. ಅವರೇ ಓಡಾಡಿ ಕೋವಿಡ್ ಸೆಂಟರಿಗೆ ಸೇರಿಸಿದರು. ಗುಣವಾಗಿ ಬಂದಳು.

ಮುಂದಿನ ಚುನಾವಣೆಯ ಸಭೆಯಲ್ಲಿ ನಾನು ಎದ್ದು ನಿಂತೆ. "ನಮ್ಮ ಬಿಲ್ಡಿಂಗ್‌ನ್ಯಾಗ ಯಾರೂ ಸಾಯಲೇ ಇಲ್ಲ. ಹಂಗಾರ ಆ ನಾಟಕ ಯಾಕ ಬೇಕಿತ್ರಿ?"

ಹಲವರು ನಕ್ಕು ತಲೆಯಾಡಿಸಿದರು. ಪಕ್ಕದಲ್ಲಿದ್ದ ಹೆಂಡತಿ ಎಲ್ಲರಿಗೂ ಕೇಳಿಸುವಂತೆ, "ನಾ ಸತ್ತಿದ್ರ ನಂಬ್ತಿದ್ರೇನ್ರಿ?" ಎಂದಳು.

ನಕ್ಕವರೆಲ್ಲ ನನ್ನತ್ತ ತಿರುಗಿದರು. ಸೆಕ್ರೆಟರಿಯೇ ನನ್ನ ನೆರವಿಗೆ ಬಂದರು. "ಬಿಡಿ ಅಕ್ಕ, ಅವ್ರು ತಮಾಷೆಗೆ ಹೇಳಿದ್ದು."

ಆಗಲೂ ನನಗೆ ನಾಚಿಕೆಗಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ನನ್ನ ಮಾನ ಕಾಯುವ ಮಾತೂ ಅವರಿಗೇ ಹೊಳೆಯಬೇಕೆ ಅನ್ನಿಸಿತು.