ಹೆಲ್ಮೆಟ್ ತೊಳೆಯುವ ಪುಟ್ಟಮಾದಮ್ಮ

ತಗಡೂರು ಕಡೆಯಿಂದ ಹೊರಟು, ನಂಜನಗೂಡಿನಲ್ಲಿ ಒಂದು ಗಳಿಗೆ ನಿಂತು, ಮೈಸೂರಿನ ದಾರಿ ಹಿಡಿಯುವ ಮೊದಲ ಬಸ್ಸು ತಾಂಡವಪುರದ ಹತ್ತಿರ ಕಾರ್ಖಾನೆಯ ಗೇಟಿನೆದುರು ನಿಲ್ಲುವಾಗ ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಇಳಿಯುವವರು ಒಬ್ಬರೇ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ಕಂಕುಳಲ್ಲಿ ಊಟದ ಡಬ್ಬಿಯ ಚೀಲ. ವಾಚ್‌ಮನ್ ಕುರ್ಚಿಯಿಂದ ಏಳುವುದೂ ಇಲ್ಲ, "ಬೀಗದ್ ಕೈ ಅಲ್ಲೇ ಅದೆ ನೋಡಿ ಮಾದಮ್ಮ" ಅಂದು ಮಫ್ಲರಿನೊಳಗೆ ಮತ್ತೆ ಮುಖ ಹುದುಗಿಸುತ್ತಾನೆ.

ಸೈಕಲ್ ಸ್ಟ್ಯಾಂಡಿನ ಹಿಂದಿರುವ ತಗಡಿನ ಶೆಡ್ಡು ಪುಟ್ಟಮಾದಮ್ಮನವರ ಕೆಲಸದ ಜಾಗ. ಹಿಂದಿನ ದಿನ ಬಿಚ್ಚಿಟ್ಟ ಹಳದಿ ಹೆಲ್ಮೆಟ್ಟುಗಳು ಅಲ್ಲಿ ಸಿಹಿಗುಂಬಳದ ರಾಶಿಯಂತೆ ಬಿದ್ದಿರುತ್ತವೆ. ಅವರು ನೆಲಕ್ಕೆ ಕೂತು ಒಂದೊಂದನ್ನೇ ಮಡಿಲಿಗೆ ಎಳೆದುಕೊಳ್ಳುತ್ತಾರೆ. ಹೆಬ್ಬೆರಳಲ್ಲಿ ಒತ್ತಿದರೆ ಒಳಗಿನ ಪಟ್ಟಿ ಟಕ್ಕನೆ ಬಿಟ್ಟುಕೊಳ್ಳುತ್ತದೆ. ಪಟ್ಟಿ ಸೋಪು ನೀರಿನ ಟಬ್ಬಿಗೆ ಬೀಳುತ್ತದೆ, ಚಿಪ್ಪಿನ ಒಳಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಮೂಲೆ ಮೂಲೆಗೂ ಬೆರಳು ಹೋಗುತ್ತದೆ. "ಗಂಡಸ್ರುದ್ದು ಬೀಡಿ ವಾಸ್ನೆ, ಎಂಗಸ್ರುದ್ದು ಕೊಬ್ರಿ ಎಣ್ಣೆ ವಾಸ್ನೆ. ಕಣ್ ಮುಚ್ಕಂಡೇ ಗುರ್ತು ಇಡೀತೀನಿ" ಎಂದು ನಗುತ್ತಾರೆ.

ಕಂಟ್ರಾಕ್ಟರನ ಲೆಕ್ಕದಲ್ಲಿ ಪುಟ್ಟಮಾದಮ್ಮ ಕಸ ಗುಡಿಸುವವರು. ಹೆಲ್ಮೆಟ್ ತೊಳೆಯುವ ಕೆಲಸವೊಂದು ಇದೆ ಅನ್ನುವುದೇ ಆ ಲೆಕ್ಕಕ್ಕೆ ಗೊತ್ತಿಲ್ಲ. ಇಲ್ಲಿ ಪ್ಯಾಕಿಂಗು, ಗೋಡೌನು, ಲೋಡಿಂಗು ಎಂದು ನೂರಕ್ಕೂ ಮೇಲ್ಪಟ್ಟು ಹೆಂಗಸರು ದುಡಿಯುತ್ತಾರೆ. ಕಾಯಂ ನೌಕರರಿಗೆ ಹೆಸರು ಬರೆದ ಸ್ವಂತ ಹೆಲ್ಮೆಟ್ಟಿದೆ. ಕಂಟ್ರಾಕ್ಟಿನವರಿಗೆ ಗೇಟಿನ ಬಳಿಯ ರಾಶಿಯೇ ಗತಿ. ಒಂದು ಪಾಳಿಯವರು ಬಿಚ್ಚಿಡುತ್ತಾರೆ, ಇನ್ನೊಂದು ಪಾಳಿಯವರು ಹಾಕಿಕೊಳ್ಳುತ್ತಾರೆ. ತಲೆಯಿಂದ ತಲೆಗೆ ಹೋಗುವ ಆ ಹೆಲ್ಮೆಟ್ಟಿನ ಜೊತೆ ಹೇನು ಹೋಗದಂತೆ ನೋಡಿಕೊಳ್ಳುವವರು ಪುಟ್ಟಮಾದಮ್ಮ. ಐದು ವರ್ಷದಿಂದ ಆ ಕೆಲಸ ಒಂದು ದಿನವೂ ತಪ್ಪಿಲ್ಲ.

ಮೊದಲು ಬನ್ನೂರಿನ ಕಡೆ ಗದ್ದೆಗಳಿಗೆ ನಾಟಿಗೆ ಹೋಗುತ್ತಿದ್ದವರು ಅವರು. ಗಂಡ ಸಣ್ಣಯ್ಯನವರು ಮೂಟೆ ಹೊರುವಾಗ ಬಿದ್ದು ಸೊಂಟ ಹಿಡಿದ ಮೇಲೆ, ತೊಂಬತ್ತಾರರಲ್ಲಿ ಕಾರ್ಖಾನೆಗೆ ಬಂದರು. ಮೊದಲ ದಿನ ಗೇಟಿನ ಬಳಿ ಕಂಡದ್ದನ್ನು ಇವತ್ತಿಗೂ ಕಣ್ಣಲ್ಲಿ ಇಟ್ಟುಕೊಂಡಿದ್ದಾರೆ. "ಊರಲ್ಲಿ ನಮ್ ಲೋಟ ಬ್ಯಾರೆ, ಅವ್ರ್ ಲೋಟ ಬ್ಯಾರೆ. ಇಲ್ಲಿ ನಮ್ ಕೇರಿಯೋರು ಬಿಚ್ಚಿಟ್ಟ ಎಲ್ಮೆಟ್ಟ ಮೇಗ್ಲ ಕೇರಿಯೋರು ಬಿಸಿ ಆರೋಕ್ ಮುಂಚೆ ಆಕ್ಕೋರು. ಯಾರ್ದು ಅಂತ ಕೇಳೋರೇ ಇಲ್ಲ. ಕೆಲ್ಸ ಬುಟ್ಟು ಅದ್ನೇ ನೋಡ್ಕಂಡು ನಿಂತಿದ್ದೆ ಕಣ್ರೀ."

ಆ ರಾಶಿ ಒಡೆಯುವ ಹೊತ್ತು ಬಂದದ್ದು ಐದು ವರ್ಷದ ಹಿಂದೆ, 2001ರ ಮಳೆಗಾಲದಲ್ಲಿ. ಪ್ಯಾಕಿಂಗಿನ ಚನ್ನಾಜಮ್ಮ ಎಂಬುವರು ಕ್ಯಾಂಟೀನಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದಾಗ ಪಕ್ಕದವಳು, "ಅಕ್ಕಾ, ನಿಮ್ ಎಗಲ್ ಮ್ಯಾಲೆ ಹೇನು ಓಯ್ತಾ ಅದೆ" ಅಂದಳು. ಚನ್ನಾಜಮ್ಮ ಅಲ್ಲೇ ಹತ್ತಿರದ ಹಳ್ಳಿಯ ಒಕ್ಕಲು ಮನೆತನದವರು, ಬಾಯಿ ಜೋರು. ತಟ್ಟೆ ಕುಕ್ಕಿ ಎದ್ದರು. "ನಮ್ ವಂಶದಲ್ಲೇ ತಲೇಲಿ ಒಂದ್ ಸೀರು ಕಂಡೋರಲ್ಲ ನಾವು. ಯಾವಳ್ದೇ ಇದು?"

ಎಲ್ಲರ ಕಣ್ಣೂ ರಂಜಿನಿಯ ಜಡೆಯ ಮೇಲೆ ಬಿತ್ತು. ರಂಜಿನಿ ಪುಟ್ಟಮಾದಮ್ಮನವರ ಕೇರಿಯ ಹುಡುಗಿ, ಕೆಲಸಕ್ಕೆ ಹೊಸಬಳು. ಸೊಂಟ ದಾಟುವ ಕೂದಲು, ಮನೆಯಲ್ಲಿ ಮೊಲೆ ಕುಡಿಯುವ ಮಗು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಳ್ಳಲು ಪುರುಸೊತ್ತೆಲ್ಲಿ? ಅವಳು ಕೆರೆದುಕೊಳ್ಳುತ್ತಿದ್ದುದೂ ನಿಜ. ಅಲ್ಲಿದ್ದ ಅರ್ಧಕ್ಕರ್ಧ ಹೆಂಗಸರು ಕೆರೆದುಕೊಳ್ಳುತ್ತಿದ್ದುದೂ ಅಷ್ಟೇ ನಿಜ. ಆದರೆ ಬೊಟ್ಟು ಮಾಡಲು ಒಂದು ತಲೆ ಸಿಕ್ಕಿದ ಮೇಲೆ ಮಿಕ್ಕ ತಲೆಗಳನ್ನು ಯಾರು ನೋಡುತ್ತಾರೆ? "ದೊಡ್ಡವ್ವ, ನಾಳೀಕೆ ಬೋಳಿಸ್ಕಂಡೇ ಬತ್ತೀನಿ" ಎಂದು ಹುಡುಗಿ ಅತ್ತಳು. "ಕೂದ್ಲು ತೆಗೆದ್ರೆ ಮಾತು ನಿಂತದ? ಸುಮ್ನಿರು" ಎಂದು ಪುಟ್ಟಮಾದಮ್ಮ ಗದರಿದರು.

ಮರುದಿನ ಸೂಪರ್‌ವೈಸರ್ ಶಿವಮೂರ್ತಿಯವರ ಅಪ್ಪಣೆ ಬಂತು: ತಗಡೂರು ಬಸ್ಸಿನಲ್ಲಿ ಬರುವ ಹೆಂಗಸರಿಗೆಂದೇ ಒಂದಷ್ಟು ಹೆಲ್ಮೆಟ್ಟಿಗೆ ಕೆಂಪು ಬಣ್ಣದ ಗುರುತು ಹಾಕಿ ಬೇರೆ ಇಡಬೇಕು. ಕೇರಿಯ ಹೆಸರು ಅವರ ಬಾಯಿಂದ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಆ ಬಸ್ಸಿನಲ್ಲಿ ಯಾವ ಕೇರಿಯವರು ಬರುತ್ತಾರೆಂದು ಗೇಟಿನ ನಾಯಿಗೂ ಗೊತ್ತು. ಬಣ್ಣದ ಡಬ್ಬಿಯನ್ನು ಅವರು ಕೊಟ್ಟದ್ದು ಕಸ ಗುಡಿಸುವ ಪುಟ್ಟಮಾದಮ್ಮನ ಕೈಗೆ.

"ಡಬ್ಬಿ ಮಡಿಕ್ಕಂಡು ಒಸಿ ಒತ್ತು ಕೂತಿದ್ದೆ" ಎಂದು ಅವರು ನೆನೆಯುತ್ತಾರೆ. "ಮೊದ್ಲು ನಾನು ಆಕ್ಕಂಡಿದ್ದನ್ನೇ ತಕ್ಕಂಡು ಹಚ್ಚಿದೆ. ಆಮೇಲೆ ರಂಜಿನಿ ಬಿಚ್ಚಿಟ್ಟಿದ್ದು. ಆಮೇಲೆ ಅದ್ರ ಪಕ್ಕದ್ದು. ಯಾರ್ದೋ ಏನೋ, ಕೈ ನಿಲ್ಲಿಲ್ಲ. ರಾಶಿ ಮುಗಿಯಗಂಟ ಹಚ್ಚಿದೆ."

ಬೆಳಿಗ್ಗೆ ಗೇಟಿನ ಬಳಿ ಇದ್ದ ಹೆಲ್ಮೆಟ್ಟುಗಳಿಗೆಲ್ಲ ಕೆಂಪು ಬೊಟ್ಟು. ಶಿವಮೂರ್ತಿಯವರು ಸೊಂಟಕ್ಕೆ ಕೈಕೊಟ್ಟು ನಿಂತರು.

"ಏನಮ್ಮ ಇದು? ನಾನು ಹೇಳಿದ್ದೇನು, ನೀನು ಮಾಡಿರೋದೇನು?"

"ಹೇನು ಎಲ್ರ ತಲೇಲೂ ಅದೆ ಸಾ. ಅದ್ಕೇ ಎಲ್ಲಾದ್ಕೂ ಆಕ್ದೆ. ನಿಮ್ದೂ ಒಸಿ ಬಗ್ಗಿಸಿ, ನೋಡ್‌ಬುಡ್ತೀನಿ."

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕರು. ಶಿವಮೂರ್ತಿಯವರಿಗೆ ಆ ನಗು ಮೆಣಸಿನಕಾಯಿಯಾಯಿತು. "ಅಷ್ಟು ಧೈರ್ಯ ಇದ್ರೆ ಎಲ್ರ ಹೇನೂ ನೀನೇ ತೆಗೆಸು. ಮುಂದಿನ ಬಟವಾಡೆಯ ದಿನಕ್ಕೆ ಒಬ್ಬರ ತಲೇಲಿ ಹೇನು ಕಂಡರೂ ನೀನೂ ಆ ಹುಡುಗೀನೂ ಗೇಟಿನಾಚೆ" ಅಂದುಬಿಟ್ಟರು. ಬಟವಾಡೆಗೆ ಆಗ ಮೂರು ವಾರವೂ ಉಳಿದಿರಲಿಲ್ಲ. ಮನೆಯಲ್ಲಿ ಸೊಂಟ ಹಿಡಿದ ಗಂಡ, ಶಾಲೆಗೆ ಹೋಗುವ ಮಗಳು ಗೌತಮಿ. ಬಸ್ಸಿನಲ್ಲಿ ಹಿಂದಿರುಗುವಾಗ ಪುಟ್ಟಮಾದಮ್ಮನವರಿಗೆ ಕಿಟಕಿಯಾಚೆ ಏನೂ ಕಾಣಲಿಲ್ಲವಂತೆ.

ಮೊದಲು ಅವರಿಗೆ ಹೊಳೆದದ್ದು ಸೀಮೆಎಣ್ಣೆ. ಹೆಲ್ಮೆಟ್ಟಿನ ಒಳಗೆಲ್ಲ ಬಟ್ಟೆಯಲ್ಲಿ ಅದ್ದಿ ಬಳಿದರು. ಮಧ್ಯಾಹ್ನದೊಳಗೆ ಹೆಂಗಸರ ಹಣೆ ಉರಿಯತೊಡಗಿತು. "ಇವಳು ಹೇನಿನ್ ಜೊತೆ ನಮ್ಮನ್ನೂ ಸುಟ್ಟಾಳು" ಎಂದು ಚನ್ನಾಜಮ್ಮ ಕೂಗಾಡಿದರು. ಬೀಡಿ ಹಚ್ಚಲು ಹೋದ ಲೋಡಿಂಗಿನವನೊಬ್ಬನ ಕೈ ಹಿಡಿದು ಎಳೆಯಬೇಕಾಯಿತು. ಅದನ್ನು ಹೇಳುವಾಗ ಈಗ ಪುಟ್ಟಮಾದಮ್ಮನವರಿಗೆ ನಗು ತಡೆಯುವುದಿಲ್ಲ.

ಸರಿಯಾದ ದಾರಿ ಹೇಳಿಕೊಟ್ಟವರು ಊರಿನ ಉಪಕೇಂದ್ರದ ನರ್ಸಮ್ಮ. ಸೀಮೆಎಣ್ಣೆ ತಲೆಯ ಹತ್ತಿರ ಸುಳಿಯಕೂಡದು. ಹೇನಿಗೆ ಕುಡಿಯಲು ರಕ್ತ ಬೇಕು, ತಲೆ ಸಿಗದೆ ಎರಡು ದಿನ ಬಿದ್ದಿದ್ದರೆ ಅದು ತಾನಾಗಿಯೇ ಸಾಯುತ್ತದೆ. ಆದರೆ ಹೆಲ್ಮೆಟ್ ತೊಳೆದರಷ್ಟೇ ಸಾಲದು. ಅದು ಬದುಕುವುದು ತಲೆಯಲ್ಲಿ, ಹರಡುವುದೂ ಹೆಚ್ಚಾಗಿ ತಲೆಗೆ ತಲೆ ತಾಗಿದಾಗ. ಕೂದಲು ಒದ್ದೆ ಮಾಡಿ, ಒತ್ತು ಹಲ್ಲಿನ ಬಾಚಣಿಗೆಯಲ್ಲಿ ಬುಡದಿಂದ ತುದಿಯವರೆಗೆ ಎಳೆಯಬೇಕು. ಸೀರು ಒಡೆದು ಮರಿ ಬರುತ್ತಲೇ ಇರುವುದರಿಂದ ನಾಲ್ಕು ದಿನಕ್ಕೊಮ್ಮೆಯಾದರೂ ಮತ್ತೆ ಮತ್ತೆ ಬಾಚಬೇಕು. "ಒಂದು ತಲೆ ಬಿಟ್ಟರೂ ಅಷ್ಟೂ ತಲೆ ಬಿಟ್ಟ ಹಾಗೆ" ಎಂದರಂತೆ ನರ್ಸಮ್ಮ.

ಪುಟ್ಟಮಾದಮ್ಮ ಗುಜರಿ ಗೋಡೌನಿನಿಂದ ಚಿಪ್ಪು ಗಟ್ಟಿಯಿದ್ದ ಹೆಲ್ಮೆಟ್ಟುಗಳನ್ನು ಹೆಕ್ಕಿ ತಂದರು. ಶಿವಮೂರ್ತಿಯವರು ಗೊಣಗುತ್ತಲೇ ಒಳಪಟ್ಟಿ ಕೊಡಿಸಿದರು. ರಾಶಿ ಮೂರು ಪಾಲಾಯಿತು: ಒಂದು ಪಾಲು ತಲೆಯ ಮೇಲೆ, ಮಿಕ್ಕವು ತೊಳೆಸಿಕೊಂಡು ಎರಡು ದಿನ ತಲೆ ಕಾಣದೆ ಉಪವಾಸ. ಪ್ರತಿಯೊಬ್ಬರೂ ಮನೆಯಿಂದ ಹಳೆಯ ಸೀರೆಯ ತುಂಡು ತಂದು ಹೆಲ್ಮೆಟ್ಟಿನ ಕೆಳಗೆ ಕಟ್ಟಿಕೊಳ್ಳಬೇಕು, ಸಂಜೆ ಒಯ್ದು ಒಗೆಯಬೇಕು, ಒಬ್ಬರದನ್ನು ಇನ್ನೊಬ್ಬರು ಕೇಳಬಾರದು. ಇಷ್ಟಕ್ಕೆ ಯಾರೂ ತಕರಾರು ತೆಗೆಯಲಿಲ್ಲ.

ತಕರಾರು ಬಂದದ್ದು ಬಾಚಣಿಗೆಗೆ. ಊಟದ ಹೊತ್ತಿನಲ್ಲಿ ಹೊಂಗೆ ಮರದ ಕೆಳಗೆ ಪುಟ್ಟಮಾದಮ್ಮ ಚೊಂಬು ನೀರು ಇಟ್ಟುಕೊಂಡು ಕೂತರು. ರಂಜಿನಿ ಮೊದಲು ಕೂತಳು, ಆಮೇಲೆ ಕೇರಿಯವರು. ಎರಡು ದಿನ ಮಿಕ್ಕವರು ದೂರದಲ್ಲಿ ನಿಂತು ನೋಡಿದರು. ಹೇನು ಜಾತಿ ಕೇಳಿ ಕಚ್ಚುವುದಿಲ್ಲವಲ್ಲ, ಕೆರೆತ ತಡೆಯದೆ ಒಬ್ಬೊಬ್ಬರೇ ಬಂದರು. "ನಂಗೂ ಒಸಿ ನೋಡು ಮಾದಮ್ಮ." "ನಂದು ಆದ್ಮೇಲೆ ಕಣೆ, ಸರ್ಕಂಡ್ ಕೂತ್ಕ." ಬರಬರುತ್ತ ಅಲ್ಲಿ ಸೊಸೆಯಂದಿರ ದೂರು, ಅತ್ತೆಯರ ಚಾಡಿ ಎಲ್ಲ ಬಿಚ್ಚಿಕೊಂಡವು. ಗಂಡಸರು ಕೂದಲು ಸಣ್ಣಗೆ ಕತ್ತರಿಸಿಕೊಂಡು ಬಂದರು. ಹೆಂಗಸರಲ್ಲಿ ಬಾಚಣಿಗೆಗೆ ಸಿಗದೆ ಉಳಿದ ತಲೆ ಒಂದೇ, ಚನ್ನಾಜಮ್ಮನವರದು.

ಬಟವಾಡೆಗೆ ಇನ್ನೇನು ಒಂದು ವಾರ ಅನ್ನುವಾಗ, ಒಂದು ದಿನ ನಸುಕಿನಲ್ಲೇ ಚನ್ನಾಜಮ್ಮ ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಜೋರು ಬಾಯಿ ತಗ್ಗಿತ್ತು. "ಭಾನುವಾರ ನನ್ ಮಗ್ಳ ನೋಡೋಕೆ ಬತ್ತಾವ್ರೆ ಕಣೆ ಪುಟ್ಟಮಾದಿ. ನಂದು ಅವಳ್ಗೂ ಅಂಟಿ, ಬರೀ ತಲೆ ಕೆರ್ಕತಾ ಅವ್ಳೆ. ಅವ್ಳುದ್ದ ನಾ ಬಾಚ್ತೀನಿ, ನಂದ ಯಾರೂ ಬರೋಕ್ ಮುಂಚೆ ಬಿರ್ನೆ ನೋಡ್‌ಬುಡು."

ಪುಟ್ಟಮಾದಮ್ಮನವರ ಕೈ ಬಾಚಣಿಗೆಗೆ ಹೋಗಿ ನಿಂತಿತು. ಹೂಂ ಅಂದಿದ್ದರೆ ಅಲ್ಲಿಗೆ ಎಲ್ಲ ಬಗೆಹರಿಯುತ್ತಿತ್ತು. ಅವರ ಕೆಲಸವೂ ಉಳಿಯುತ್ತಿತ್ತು, ರಂಜಿನಿಯದೂ ಉಳಿಯುತ್ತಿತ್ತು. ಅವರ ಬಾಯಲ್ಲಿ ಬಂದದ್ದೇ ಬೇರೆ.

"ಮದ್ಯಾನ ಮರದ್ ತಾವ್ಕೆ ಬನ್ನಿ ಅವ್ವಾರೆ."

"ಅಷ್ಟ್ ಜನದ್ ಮುಂದೆ ನಿನ್ ಕೈಗೆ ತಲೆ ಕೊಡ್ಲಾ ನಾನು?"

"ಮಿಕ್ಕೋರೆಲ್ಲ ಕೊಟ್ಟವ್ರೆ. ಕದ್ದು ನೋಡೋ ಅಂತದ್ದು ಏನದೆ ಇದ್ರಲ್ಲಿ? ನಾನೇನ್ ಕಳ್ತನ ಮಾಡ್ತಾ ಇದ್ದೀನಾ?"

ಚನ್ನಾಜಮ್ಮ ತಿರುಗಿ ಹೋದರು. ಬೆಳಗೆಲ್ಲ ಪುಟ್ಟಮಾದಮ್ಮ ಪೊರಕೆ ಹಿಡಿದು ಗುಡಿಸಿದ ಜಾಗವನ್ನೇ ಗುಡಿಸಿದರು. "ರಂಜಿನಿ ಮಗೀನ ಅನ್ನ ನನ್ ಬಾಯಿಂದ ಓಯ್ತಲ್ಲಪ್ಪ ಅನ್ಕಂಡೆ. ಕೂಗಿ ಕರ್ದುಬುಡ್ಲಾ ಅಂತ ಎರಡ್ ಸಲ ಪ್ಯಾಕಿಂಗ್ ಬಾಗ್ಲುಗಂಟ ಓಗಿ ವಾಪಸ್ ಬಂದೆ."

ಮಧ್ಯಾಹ್ನ ಮರದ ಕೆಳಗೆ ಮಾತು ಇದ್ದಕ್ಕಿದ್ದಂತೆ ನಿಂತಿತು. ಚನ್ನಾಜಮ್ಮ ಬಂದಿದ್ದರು. ಯಾರ ಮುಖವನ್ನೂ ನೋಡದೆ ಪುಟ್ಟಮಾದಮ್ಮನ ಮುಂದೆ ಬೆನ್ನು ಮಾಡಿ ಕೂತು ತುರುಬು ಬಿಚ್ಚಿದರು. "ಕಿತ್ತು ಗಿತ್ತು ಆಕ್‌ಬುಟ್ಟೀಯ" ಅಂದರು ಚನ್ನಾಜಮ್ಮ, "ಇರೋದೇ ನಾಕ್ ಎಳೆ." ರಂಜಿನಿಯೇ ಮೊದಲು ಕಿಸಕ್ಕನೆ ನಕ್ಕಳು. ಆಮೇಲೆ ಮರದ ಕೆಳಗಿದ್ದವರೆಲ್ಲ ನಕ್ಕರು.

"ಅಂತೋರ ಮನೆ ಜಗ್ಲಿ ಮುಟ್ಟಿದೋಳಲ್ಲ ನಾನು. ಅವತ್ತು ತಲೇನೇ ಮುಟ್ಟಿ ಬುಡದಿಂದ ತುದಿಗಂಟ ಬಾಚ್ದೆ" ಎನ್ನುತ್ತಾರೆ ಪುಟ್ಟಮಾದಮ್ಮ.

ಬಟವಾಡೆಯ ದಿನ ಶಿವಮೂರ್ತಿಯವರು ನರ್ಸಮ್ಮನನ್ನೇ ಕರೆಸಿ ಸಾಲಾಗಿ ತಲೆ ನೋಡಿಸಿದರು. ಅಲ್ಲೊಂದು ಇಲ್ಲೊಂದು ಖಾಲಿ ಸೀರು ಬಿಟ್ಟರೆ ಬೇರೇನೂ ಸಿಗಲಿಲ್ಲ. ಮುಂದಿನ ತಿಂಗಳು ಶೆಡ್ಡಿಗೆ, ಹೆಲ್ಮೆಟ್ಟಿನ ಮೂರು ಪಾಲಿಗೆಂದೇ, ಮೂರು ಅಂತಸ್ತಿನ ಕಬ್ಬಿಣದ ಸ್ಟ್ಯಾಂಡೊಂದು ಬಂತು. ರಂಜಿನಿ ಈಗ ಗೋಡೌನಿನ ಗುಂಪಿಗೆ ಮೇಸ್ತ್ರಿ. ಹೊಸಬರು ಬಂದರೆ ಮೊದಲು ತಲೆಬಟ್ಟೆ ತಂದಿದ್ದೀರಾ ಎಂದು ಕೇಳುವವಳು ಅವಳೇ.

ಇದರಿಂದ ಲೋಕವೇ ಬದಲಾಯಿತು ಅಂತ ಪುಟ್ಟಮಾದಮ್ಮ ಹೇಳುವುದಿಲ್ಲ. ಚನ್ನಾಜಮ್ಮನವರ ಮಗಳ ಮದುವೆಗೆ ಅವರಿಗೂ ಕರೆ ಬಂದಿತ್ತು, ಹೋಗಿದ್ದರು. ಊಟಕ್ಕೆ ಎಲ್ಲಿ ಕೂರಿಸಿದರು ಎಂದು ಕೇಳಿದರೆ, ಪಟ್ಟಿಯ ನೀರು ಹಿಂಡುತ್ತಾ, "ಕೊನೇ ಪಂಕ್ತೀಲಿ" ಅನ್ನುತ್ತಾರೆ. ಸೋಪಿನಿಂದ ಅವರ ಬೆರಳ ಸಂದುಗಳು ಬಿರಿದಿವೆ. ಚಳಿಗಾಲದಲ್ಲಿ ಒಂದು ಬಕೆಟ್ ಬಿಸಿನೀರು ಸಿಕ್ಕರೆ ಸಾಕು ಅನ್ನುವುದು ಬಿಟ್ಟರೆ ಕಾರ್ಖಾನೆಯವರನ್ನು ಕೇಳುವುದು ಅವರಿಗೆ ಬೇರೇನೂ ಇಲ್ಲ.

ಆರು ಗಂಟೆಯ ಸೈರನ್ ಕೂಗುತ್ತದೆ. ಹೆಂಗಸರು ಗೇಟಿನೊಳಕ್ಕೆ ನುಗ್ಗುತ್ತಾರೆ, ತಲೆಬಟ್ಟೆ ಬಿಗಿದುಕೊಂಡು ಕೈಗೆ ಸಿಕ್ಕ ಹೆಲ್ಮೆಟ್ಟು ಎತ್ತಿಕೊಳ್ಳುತ್ತಾರೆ. ಅಷ್ಟೂ ಜನರ ತಲೆ ನೋಡುತ್ತೀರಿ, ನಿಮ್ಮ ತಲೆಯನ್ನು ನೋಡುವವರು ಯಾರು ಎಂದು ಕೇಳಿದರೆ ಪುಟ್ಟಮಾದಮ್ಮ ತುರುಬಿನ ಮೇಲೆ ಒದ್ದೆ ಕೈಯಾಡಿಸುತ್ತಾರೆ.

"ಚನ್ನಾಜವ್ವಾರು. ವಾರ ವಾರ ಅವ್ರೇ ಕೂರಿಸ್ಕಂಡು ನೋಡ್ತಾರೆ. ಕೈ ಬಲು ಒರಟು ಕಣ್ರೀ. ಬ್ಯಾಡ ಅಂದ್ರೂ ಬುಡಕ್ಕಿಲ್ಲ."