ಸಮುದ್ರದಮ್ಮನಿಗೆ ಒಂದು ತೆಂಗಿನಕಾಯಿ

ಅಮ್ಮ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದಿಳಿದ ಮೂರನೆಯ ದಿನ ಒಂದು ವಿಷಯ ಬಾಯಿಬಿಟ್ಟಳು. ಸಮುದ್ರದ ಮೇಲೆ ವಿಮಾನ ಗಡಗಡ ನಡುಗಿದಾಗ ತೆಂಗಿನಕಾಯಿ ಒಡೆಸುತ್ತೇನೆಂದು ಹರಕೆ ಹೊತ್ತಿದ್ದಳಂತೆ. ಯಾವ ದೇವರಿಗೆ ಎಂದು ಕೇಳಿದೆ. ಗಾಬರಿಯಲ್ಲಿ ಹೆಸರು ಹೇಳುವುದೇ ಮರೆತುಹೋಗಿತ್ತು.

ಅದು ಡಾಟ್-ಕಾಮ್ ಭರಾಟೆಯ ಕಾಲ. ನಮ್ಮ ಕಂಪನಿ ಇಂಟರ್‌ನೆಟ್ಟಿನಲ್ಲಿ ಕಿಟಕಿ ಪರದೆ ಮಾರುತ್ತಿತ್ತು; ಮಾರಾಟಕ್ಕಿಂತ ಪಾರ್ಟಿಗಳೇ ಹೆಚ್ಚು. ನನಗೆ ಕಾರಿರಲಿಲ್ಲ, ನಮ್ಮವರ ದೇವಸ್ಥಾನ ಕೊಲ್ಲಿಯ ಆಚೆ, ದೂರದಲ್ಲಿತ್ತು. ಪಕ್ಕದ ಮೇಜಿನ ಸಹೋದ್ಯೋಗಿ ಹಾಂಗ್‌ಕಾಂಗಿನವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಊಟದ ಹೊತ್ತಿಗೆ ಅವಳಿಗೆ ಈ ಹರಕೆಯ ಕಥೆ ಹೇಳಿದೆ. ಅವಳು ನಗಲಿಲ್ಲ. ಸಮುದ್ರ ದಾಟುವವರನ್ನು ಕಾಯುವವಳು ಟಿನ್ ಹೌ ಎಂಬ, ಚೀನೀಯರ ತಾವೊ ಧರ್ಮದ ದೇವತೆ, ಹಿಂದೆ ಹಡಗಿನಲ್ಲಿ ಬಂದವರು ಇಲ್ಲೇ ಚೈನಾಟೌನಿನಲ್ಲಿ ಅವಳಿಗೆ ಗುಡಿ ಕಟ್ಟಿದ್ದಾರೆ ಎಂದಳು. ಹಾಂಗ್‌ಕಾಂಗಿನಲ್ಲಿ ಈ ಸಹೋದ್ಯೋಗಿ ಹುಟ್ಟಿ ಬೆಳೆದ ಬಡಾವಣೆಗೂ ಅಲ್ಲಿನ ಹಳೆಯ ಗುಡಿಯಿಂದಲೇ ಟಿನ್ ಹೌ ಎಂದು ಹೆಸರು ಬಂದಿತ್ತು. ರೈಲು ನಿಲ್ದಾಣಕ್ಕೂ ಅದೇ ಹೆಸರು.

ಇದನ್ನು ಅಮ್ಮನಿಗೆ ತಿಳಿಸಿದೆ. "ನಮ್ಮ ಬಸವನಗುಡಿ ಥರಾನೇ ಅನ್ನು," ಎಂದಳು. ಅವಳಿಗೆ ಅಷ್ಟು ಸಾಕಾಗಿತ್ತು.

ಶನಿವಾರ ಅಮ್ಮ, ನಾನು, ಸಹೋದ್ಯೋಗಿ ಮೂವರೂ ಹೊರಟೆವು. ಚೈನಾಟೌನಿನ ಅಂಗಡಿಗಳಲ್ಲಿ ಸಿಕ್ಕ ಕಾಯಿಗಳಿಗೆಲ್ಲ ಜುಟ್ಟೇ ಇರಲಿಲ್ಲ. ಅಮ್ಮ ನಾಲ್ಕು ಅಂಗಡಿ ಸುತ್ತಿ, ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ ಒಂದನ್ನು ಆರಿಸಿದಳು. ಗುಡಿ ಹಳೆಯ ಕಟ್ಟಡವೊಂದರ ತುತ್ತತುದಿಯಲ್ಲಿತ್ತು. ಇಕ್ಕಟ್ಟಾದ ಮೆಟ್ಟಿಲು. ದೇವರನ್ನು ಅಟ್ಟದ ಮೇಲೆ ಕೂರಿಸಿದ್ದಾರೆಂದು ಅಮ್ಮ ಪ್ರತಿ ಅಂತಸ್ತಿನಲ್ಲೂ ಗೊಣಗಿದಳು.

ಮೇಲೆ ಹೋದರೆ ಕೆಂಪು ಲಾಂದ್ರಗಳು, ಊದುಬತ್ತಿಯ ಹೊಗೆ, ತಟ್ಟೆ ತುಂಬ ಕಿತ್ತಳೆ. ಅಮ್ಮ ಚಪ್ಪಲಿ ಬಿಟ್ಟು ಅಡ್ಡಬಿದ್ದಳು. ಎದ್ದವಳೇ ಅತ್ತಿತ್ತ ನೋಡಿ, ಕಾಯಿ ಒಡೆಯುವ ಕಲ್ಲು ಕಾಣದೆ, ಮರದ ನೆಲಕ್ಕೇ ಕುಕ್ಕಲು ಕೈ ಎತ್ತಿದಳು. ಗುಡಿ ನೋಡಿಕೊಳ್ಳುತ್ತಿದ್ದ ಅಜ್ಜಿ ಓಡಿ ಬಂದು ಅವಳ ಮಣಿಕಟ್ಟು ಹಿಡಿದಳು.

ನನಗೆ ಮುಖ ಎಲ್ಲಿಡಲಿ ಅನ್ನಿಸಿತು. ನನ್ನ ಸಹೋದ್ಯೋಗಿ ಕ್ಯಾಂಟನೀಸ್ ಭಾಷೆಯಲ್ಲಿ ವಿಮಾನ, ಸಮುದ್ರ, ಹರಕೆ ಎಲ್ಲವನ್ನೂ ವಿವರಿಸಿದಳು. ಅಜ್ಜಿ ಒಂದು ಚಹಾ ಬಟ್ಟಲು ತೆಗೆದುಕೊಂಡು, ನಮ್ಮೆಲ್ಲರಿಗಿಂತ ಮುಂದಾಗಿ ಮೆಟ್ಟಿಲಿಳಿದಳು.

ಓಣಿಯ ಫುಟ್‌ಪಾತಿನ ಅಂಚಿಗೆ ಅಮ್ಮ ಕಾಯಿ ಒಡೆದಳು. ಎರಡೇ ಹೋಳು. ಬಟ್ಟಲು ಹಿಡಿದು ಕೂತಿದ್ದ ಅಜ್ಜಿ ಸುರಿದ ಕಾಯಿನೀರನ್ನು ಅದರಲ್ಲಿ ತುಂಬಿಕೊಂಡು, ಎಳನೀರೇ ಸಿಕ್ಕಿತೆಂಬಂತೆ ಅರ್ಧ ಗುಟುಕರಿಸಿ, ಉಳಿದರ್ಧವನ್ನು ಅಮ್ಮನಿಗೆ ಚಾಚಿದಳು. ನಾನು ಕುಡಿದ ಲೋಟವನ್ನು ಎರಡು ಸಲ ತೊಳೆಯದೆ ಮುಟ್ಟದ ಅಮ್ಮ, ಅದನ್ನು ಕಣ್ಣಿಗೊತ್ತಿಕೊಂಡು ಕುಡಿದಳು. ಆಮೇಲೆ ಹೋಳುಗಳನ್ನು ದೇವಿಯ ಮುಂದಿಡಲು ಮತ್ತೆ ಅಷ್ಟೂ ಮೆಟ್ಟಿಲು ಹತ್ತಿದಳು. ಈ ಸಲ ಗೊಣಗಲಿಲ್ಲ.

ಬಸ್ಸಿನಲ್ಲಿ ಕೆಣಕಿದೆ, ಎಂಜಲು ಕುಡಿದೆಯಲ್ಲ ಅಂತ.

"ಆ ವಯಸ್ಸಲ್ಲಿ ನನಗೋಸ್ಕರ ಇಳಿದು ಬಂದ್ರು ಕಣೇ," ಎಂದಳು. "ಬೇಡ ಅನ್ನೋಕಾಗತ್ತಾ?"

ಮುಂದಿನ ವರ್ಷ ಪರದೆ ಕಂಪನಿ ಮುಚ್ಚಿತು, ಸಹೋದ್ಯೋಗಿ ತನ್ನ ಟಿನ್ ಹೌ ಬಡಾವಣೆಗೆ ಮರಳಿದಳು. ಹೊಸ ಕೆಲಸ ಹುಡುಕುತ್ತಿದ್ದ ದಿನಗಳಲ್ಲಿ ನಾನೊಬ್ಬಳೇ ಎರಡು ಸಲ ಆ ಗುಡಿಗೆ ಹೋದೆ. ಅಜ್ಜಿ ಗುರುತು ಹಿಡಿದು, ಕೂರಲು ಸ್ಟೂಲು ಕೊಟ್ಟಳು.